ಕ್ಲೇರ್ ಮನೆತನದ ಆಸ್ತಿ ಹೆಣ್ಣುಮಕ್ಕಳ ಕೈಯಲ್ಲಿ ಸಾಗಿದ ಬಗೆ

ಮಧ್ಯಯುಗದ ಇಂಗ್ಲೆಂಡಿನ ವಂಶವೃಕ್ಷ ಬರೆಯುವಾಗ ತಂದೆಯಿಂದ ಮಗನಿಗೆ ಗೆರೆ ಎಳೆದುಬಿಟ್ಟರೆ ಆಸ್ತಿಯ ಲೆಕ್ಕ ತಪ್ಪುತ್ತದೆ. ವಿಧವೆ ಬದುಕಿದ್ದಾಳೆಯೇ, ಅವಳ ಕೈಯಲ್ಲಿ ಏನಿದೆ ಎಂಬುದನ್ನು ಮೊದಲು ನೋಡಬೇಕು.

ಎರಡು ಪದಗಳನ್ನು ಬಹಳ ಜನ ಬೆರೆಸುತ್ತಾರೆ. ಡೌರಿ ಎಂದರೆ ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಡುವುದು, ನಮ್ಮ ವರದಕ್ಷಿಣೆಯ ಹಾಗೆ. ಡವರ್ ಬೇರೆಯೇ: ಗಂಡ ಸತ್ತ ಮೇಲೆ ಅವನ ಜಮೀನಿನಲ್ಲಿ ವಿಧವೆಗೆ ಸಿಗುವ ಮೂರನೇ ಒಂದು ಪಾಲು. ಅದೂ ಅವಳ ಜೀವಮಾನಕ್ಕೆ ಮಾತ್ರ. ಆಮೇಲೆ ಗಂಡನ ವಾರಸುದಾರರಿಗೆ ಮರಳುತ್ತದೆ. ಮೂರನೆಯದು ಜಾಯಿಂಚರ್, ಅಂದರೆ ಗಂಡಹೆಂಡಿರ ಹೆಸರಿಗೆ ಜಂಟಿಯಾಗಿ ಬರೆದ ಜಮೀನು. ಒಬ್ಬರು ಸತ್ತರೆ ಉಳಿದವರು ಪೂರ್ತಿ ಅನುಭವಿಸುತ್ತಾರೆ. ಮಗ ವಯಸ್ಸಿಗೆ ಬಂದಿದ್ದರೂ ತಾಯಿ ಇರುವತನಕ ಕಾಯಬೇಕು.

ಜಾಯಿಂಚರ್‌ನ ಬಲ ತಿಳಿಯಲು ಅಕರ್‌ನ ಜೋನ್ ಸಾಕು. ದೊರೆ ಒಂದನೇ ಎಡ್ವರ್ಡ್ 1290ರಲ್ಲಿ ಈ ಮಗಳನ್ನು ಗ್ಲಾಸ್ಟರ್‌ನ ಅರ್ಲ್ (ದೊಡ್ಡ ಸರದಾರ) ಗಿಲ್ಬರ್ಟ್ ಡಿ ಕ್ಲೇರ್‌ಗೆ ಕೊಟ್ಟ. ಗಿಲ್ಬರ್ಟ್ ತನ್ನ ಜಮೀನನ್ನು ದೊರೆಗೆ ಒಪ್ಪಿಸಿ, ಇಬ್ಬರ ಹೆಸರಿನಲ್ಲಿ ಮರಳಿ ಪಡೆದ. 1295ರಲ್ಲಿ ಅವನು ಸತ್ತಾಗ ಮೂರನೇ ಒಂದಲ್ಲ, ಇಡೀ ಆಸ್ತಿ ಜೋನಳಲ್ಲೇ ಉಳಿಯಿತು. 1297ರಲ್ಲಿ ಅವಳು ರಾಲ್ಫ್ ಡಿ ಮಾಂಥರ್ಮರ್‌ನನ್ನು ಗುಟ್ಟಾಗಿ ಮದುವೆಯಾದಳು. ಅವಳು ಬದುಕಿರುವತನಕ ಅವನೇ ಅರ್ಲ್ ಅನಿಸಿಕೊಂಡ. ಮಗ ಗಿಲ್ಬರ್ಟ್‌ಗೆ ಆಸ್ತಿ ಬಂದದ್ದು 1307ರಲ್ಲಿ ತಾಯಿ ತೀರಿಕೊಂಡ ಮೇಲೆ.

ಈ ಮಗ 1314ರಲ್ಲಿ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸತ್ತ, ಮಕ್ಕಳಿರಲಿಲ್ಲ. ಗಂಡುಮಕ್ಕಳಿದ್ದರೆ ಹಿರಿಯನಿಗೇ ಎಲ್ಲ. ಹೆಣ್ಣುಮಕ್ಕಳೇ ವಾರಸುದಾರರಾದರೆ ಸಮಪಾಲು. ವರ್ಷಕ್ಕೆ ಸುಮಾರು 6,000 ಪೌಂಡ್ ಹುಟ್ಟುವಳಿಯ ಆಸ್ತಿ ಎಲೀನರ್, ಮಾರ್ಗರೆಟ್, ಎಲಿಜಬೆತ್ ಎಂಬ ಮೂವರು ಅಕ್ಕತಂಗಿಯರದ್ದಾಗಬೇಕಿತ್ತು. ಆದರೆ ವಿಧವೆ ಮಾಡ್ ತಾನು ಬಸುರಿ ಎಂದಳು. ಮಗು ಹುಟ್ಟಿದರೆ ಅಕ್ಕತಂಗಿಯರಿಗೆ ಏನೂ ಇಲ್ಲ, ಹಾಗಾಗಿ ಹಂಚಿಕೆ ನಿಂತಿತು. ಮಗು ಹುಟ್ಟಲಿಲ್ಲ, ಪಾಲಾದದ್ದು 1317ರ ನವೆಂಬರ್‌ನಲ್ಲಿ. ಅಷ್ಟರೊಳಗೆ ಎರಡನೇ ಎಡ್ವರ್ಡ್ ಮಾರ್ಗರೆಟ್ ಮತ್ತು ಎಲಿಜಬೆತ್ ಇಬ್ಬರನ್ನೂ ತನ್ನ ಆಪ್ತರಾದ ಹ್ಯೂ ಆಡ್ಲಿ, ರೋಜರ್ ಡಾಮರಿಗೆ ಮದುವೆ ಮಾಡಿಸಿದ್ದ. ಈ ತಡದಿಂದ ಲಾಭವಾದದ್ದು ಯಾರಿಗೆ ಎಂದು ಇಲ್ಲೇ ಗುರುತು ಹಾಕಿಕೊಳ್ಳಿ. ಮಾಡ್ 1320ರಲ್ಲಿ ಸತ್ತಾಗ ಅವಳ ಡವರ್ ಕೂಡ ಹಂಚಿಕೆಗೆ ಬಂತು. 1317ರ ಪಟ್ಟಿಯೊಂದನ್ನೇ ನೋಡಿದವರಿಗೆ ಈ ಜಮೀನು ಲೆಕ್ಕಕ್ಕೇ ಸಿಗುವುದಿಲ್ಲ.

ಎಲಿಜಬೆತಳ ಗಂಡ ಡಾಮರಿ ದಂಗೆಯೆದ್ದು 1322ರಲ್ಲಿ ಸತ್ತ. ರಾಜದ್ರೋಹಿಯ ವಿಧವೆಗೆ ಡವರ್ ಇಲ್ಲ. ಆದರೆ ಹೆಂಡತಿಗೆ ತವರಿನಿಂದ ಬಂದ ಆಸ್ತಿಯನ್ನು ಗಂಡನ ತಪ್ಪಿಗಾಗಿ ಶಾಶ್ವತವಾಗಿ ಕಿತ್ತುಕೊಳ್ಳುವಂತಿಲ್ಲ. ಎಲೀನರಳ ಗಂಡ, ದೊರೆಯ ಆಪ್ತ ಹ್ಯೂ ಡಿಸ್ಪೆನ್ಸರ್‌ಗೆ ಎಲಿಜಬೆತಳ ಪಾಲಿನ ವೇಲ್ಸ್‌ನ ಅಸ್ಕ್ ಬೇಕಿತ್ತು, ಕಾನೂನು ಅಡ್ಡವಿತ್ತು. ಆದ್ದರಿಂದಲೇ ಎಲಿಜಬೆತಳನ್ನು ಬಾರ್ಕಿಂಗ್ ಮಠದಲ್ಲಿ ಕೂಡಿಹಾಕಿ, ವೇಲ್ಸ್‌ನ ಇನ್ನೊಂದು ಸೀಮೆಯಾದ ಗವರ್‌ಗೆ ಪ್ರತಿಯಾಗಿ ಅಸ್ಕ್ ಬಿಟ್ಟುಕೊಡುವ ‘ವಿನಿಮಯ’ಕ್ಕೆ ಒಪ್ಪಿಸಲಾಯಿತು. ಆಮೇಲೆ ಗವರ್ ಕೂಡ ಕೈತಪ್ಪಿತು. 1326ರಲ್ಲಿ, ಡಿಸ್ಪೆನ್ಸರ್ ಇನ್ನೂ ಅಧಿಕಾರದಲ್ಲಿದ್ದಾಗಲೇ, ಅವಳು ಈ ಬಲವಂತವನ್ನೆಲ್ಲ ಗುಟ್ಟಾಗಿ ಬರೆಸಿಟ್ಟಳು. ದೊರೆ ಪದಚ್ಯುತನಾದ ಮೇಲೆ ಅಸ್ಕ್ ಮರಳಿ ಬಂತು. ಆ ದಿಟ್ಟತನ ಮೆಚ್ಚತಕ್ಕದ್ದು.

ಹೆಸರಿನ ತೊಡಕೂ ಇದೆ. ಮೂರು ಸಲ ಮದುವೆಯಾದರೂ ದಾಖಲೆಗಳಲ್ಲಿ ಇವಳು ಮೊದಲ ಗಂಡನ ಹೆಸರಿನ ಎಲಿಜಬೆತ್ ಡಿ ಬರ್ಗ್, ಕ್ಲೇರ್‌ನ ಒಡತಿ. 38 ವರ್ಷ ವಿಧವೆಯಾಗಿದ್ದು, 1338ರಲ್ಲಿ ಕೇಂಬ್ರಿಜ್‌ನ ಕಾಲೇಜೊಂದಕ್ಕೆ ದತ್ತಿ ಕೊಟ್ಟು ಕ್ಲೇರ್ ಎಂಬ ಹೆಸರು ಉಳಿಸಿ, 1360ರಲ್ಲಿ ತೀರಿಕೊಂಡಳು. ಮೊಮ್ಮಗಳೂ ಎಲಿಜಬೆತ್ ಡಿ ಬರ್ಗ್! ಮೂರನೇ ಎಡ್ವರ್ಡ್‌ನ ಮಗ ಲಯನೆಲ್‌ನನ್ನು ಮದುವೆಯಾದವಳು ಈ ಮೊಮ್ಮಗಳು. ಹುಟ್ಟಿದ ವರ್ಷ ಬರೆದುಕೊಳ್ಳಿ: ಅಜ್ಜಿ 1295, ಮೊಮ್ಮಗಳು 1332. ಮೊಮ್ಮಗಳ ಮಗಳು ಫಿಲಿಪ್ಪಾ ಮಾರ್ಟಿಮರ್ ಮನೆತನಕ್ಕೆ ಸೊಸೆಯಾಗಿ ಹೋದಳು. ಫಿಲಿಪ್ಪಾಳ ಮೊಮ್ಮಗಳು ಆನ್ ಮಾರ್ಟಿಮರ್ ಯಾರ್ಕ್ ಮನೆತನಕ್ಕೆ. 1461ರಲ್ಲಿ ಪಟ್ಟವೇರಿದ ನಾಲ್ಕನೇ ಎಡ್ವರ್ಡ್ ಆನ್‌ಳ ಮೊಮ್ಮಗ; ಹಿರಿಯ ಎಲಿಜಬೆತಳ ಪಾಲಿನ ಕ್ಲೇರ್ ಅವನೊಂದಿಗೆ ರಾಜಮನೆತನಕ್ಕೆ ಸೇರಿತು.