ತಿರುವಿನ ದೆವ್ವ ಎಳೆಯುವುದು ಯಾವ ಕಡೆಗೆ?

ನಮ್ಮ ಊರಿಗೆ ಹೋಗುವ ದಾರಿಯಲ್ಲಿ, ಕೆರೆಯ ಏರಿ ಮುಗಿಯುವಲ್ಲಿ, ರಸ್ತೆ ಇದ್ದಕ್ಕಿದ್ದಂತೆ ಎಡಕ್ಕೆ ಹೊರಳುತ್ತದೆ. ಆ ತಿರುವಿನ ಹೊರಬದಿಯಲ್ಲಿ ಕುಂಕುಮ ಮೆತ್ತಿದ ಒಂದು ಕಲ್ಲಿದೆ. ಅದರ ಬುಡದಲ್ಲಿ ಹೋಳು ಮಾಡಿದ ನಿಂಬೆಹಣ್ಣು, ತೆಂಗಿನಕಾಯಿಯ ಚಿಪ್ಪು ಯಾವಾಗಲೂ ಬಿದ್ದಿರುತ್ತವೆ. ಎಡಕ್ಕೆ ಹೊರಳಬೇಕಾದ ಮೋಟಾರ್ ಸೈಕಲ್ಲುಗಳು ಅಲ್ಲಿ ರಸ್ತೆ ದಾಟಿ ಬಲಬದಿಯ ಗದ್ದೆಗೆ ಇಳಿಯುತ್ತವೆ. ನಮ್ಮ ಚಿಕ್ಕಪ್ಪನವರೂ ಒಮ್ಮೆ ಹಾಗೆ ಇಳಿದವರೇ. ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡು ಜಗಲಿಯ ಮೇಲೆ ಕುಳಿತಿದ್ದ ಅವರು ನನಗೆ ಹೇಳಿದ್ದು ಇಷ್ಟು: “ಎದುರಿಗೆ ಬಸ್ಸು ಕಂಡ್ತು. ಹ್ಯಾಂಡ್ಲು ಎಡಕ್ಕೇ ತಿರುಗಿಸ್ದೆ ಕಣೋ, ದೇವರಾಣೆ. ಗಾಡಿ ಬಲಕ್ಕೆ ಹೋಯ್ತು. ಯಾರೋ ಹಿಡ್ಕೊಂಡು ಎಳೆದಂಗಾಯ್ತು.”

ಊರಿನವರು ಈ ಮಾತನ್ನು ದೆವ್ವ ಇರುವುದಕ್ಕೆ ಸಾಕ್ಷಿ ಎಂದುಕೊಂಡರು. ನಾಲ್ಕಕ್ಷರ ಕಲಿತವರು, ಗಾಬರಿಯಲ್ಲಿ ಎಡ ಯಾವುದು ಬಲ ಯಾವುದು ತಿಳಿಯದೆ ಹೋಗಿರಬೇಕು ಎಂದು ನಕ್ಕರು. ನನಗೆ ದೆವ್ವದ ಕತೆಗಿಂತ ಈ ನಗುವೇ ಹೆಚ್ಚು ಅಸಹನೆ ತರಿಸುತ್ತದೆ, ಏಕೆಂದರೆ ಚಿಕ್ಕಪ್ಪ ಹೇಳಿದ್ದು ಅಕ್ಷರಶಃ ನಿಜ. ಓಡುತ್ತಿರುವ ಮೋಟಾರ್ ಸೈಕಲ್ಲಿನ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ಗಾಡಿ ಬಲಕ್ಕೆ ಹೋಗುತ್ತದೆ. ಹಾಗೆ ಹೋಗದಿದ್ದರೆ ಮಾತ್ರ ದೆವ್ವವನ್ನು ಹುಡುಕಬೇಕಾಗುತ್ತಿತ್ತು.

ದ್ವಿಚಕ್ರ ವಾಹನ ತಿರುಗುವುದು ವಾಲುವುದರಿಂದ. ಎಡಕ್ಕೆ ತಿರುಗಬೇಕಾದರೆ ಮೊದಲು ಎಡಕ್ಕೆ ವಾಲಬೇಕು. ಎಡಕ್ಕೆ ವಾಲಬೇಕಾದರೆ ನೆಲಕ್ಕೆ ತಾಗಿಕೊಂಡಿರುವ ಟೈರು ಸವಾರನ ಭಾರದ ಅಡಿಯಿಂದ ಸ್ವಲ್ಪ ಬಲಕ್ಕೆ ಜಾರಿಕೊಳ್ಳಬೇಕು. ಟೈರು ಬಲಕ್ಕೆ ಹೋಗಬೇಕಾದರೆ ಹ್ಯಾಂಡಲು ಒಂದು ಕ್ಷಣ ಬಲಕ್ಕೆ ತಿರುಗಬೇಕು. ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಆಡಿದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೋಲಿನ ಸಮೇತ ಎಡಕ್ಕೆ ನಡೆಯಬೇಕೆಂದರೆ ಅಂಗೈಯನ್ನು ಮೊದಲು ಚೂರು ಬಲಕ್ಕೆ ಸರಿಸಬೇಕು. ಕೋಲಿನ ತುದಿ ಎಡಕ್ಕೆ ಬಾಗುತ್ತದೆ. ಆಮೇಲೆ ಬೀಳುತ್ತಿರುವ ಕೋಲನ್ನು ಹಿಂಬಾಲಿಸಿಕೊಂಡು ಎಡಕ್ಕೆ ಹೋಗಬಹುದು. ಮೊದಲೇ ಅಂಗೈಯನ್ನು ಎಡಕ್ಕೆ ಒಯ್ದರೆ ಕೋಲು ಬಲಕ್ಕೆ ಉರುಳುತ್ತದೆ. ಮೋಟಾರ್ ಸೈಕಲ್ಲು ಅಂತಹ ಒಂದು ಕೋಲು, ಮುಂದಿನ ಟೈರು ಅದರ ಅಂಗೈ. ಇದು ಸಾಲದೆಂದರೆ ಗೋಡೆಯ ಪಕ್ಕದಲ್ಲಿ ಸೈಕಲ್ಲು ತುಳಿಯುವ ಹುಡುಗನನ್ನು ನೋಡಿ. ಗೋಡೆಗೆ ನಾಲ್ಕು ಬೆರಳು ಹತ್ತಿರ ಬಂದವನಿಗೆ ಅದರಿಂದ ದೂರ ಸರಿಯಲು ಆಗುವುದೇ ಇಲ್ಲ, ಏಕೆಂದರೆ ದೂರ ಸರಿಯುವ ಮುನ್ನ ಗೋಡೆಯ ಕಡೆಗೇ ಒಮ್ಮೆ ತಿರುಗಬೇಕು, ಅದಕ್ಕೆ ಜಾಗವಿಲ್ಲ. ಡಾಂಬರಿನ ಅಂಚಿನಲ್ಲಿ ಹೋಗುವಾಗ ಆ ಅಂಚು ನಮ್ಮನ್ನು ಸೆಳೆಯುತ್ತಿದೆ ಎನ್ನಿಸುವುದೂ ಇದೇ ಕಾರಣಕ್ಕೆ.

ವಿಮಾನ ಹಾರಿಸುವ ಮುನ್ನ ಅಮೆರಿಕದ ಡೇಟನ್‌ನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ವಿಲ್ಬರ್ ರೈಟ್ ಹತ್ತಾರು ಸವಾರರನ್ನು ಕೇಳಿದ್ದರಂತೆ. ಮೊದಲ ಬಾರಿಗೇ ಪೂರ್ತಿ ಸರಿಯಾದ ಉತ್ತರ ಒಬ್ಬರಿಂದಲೂ ಬರಲಿಲ್ಲವಂತೆ. ಕೆದಕಿ ಕೇಳಿದಾಗ ಮಾತ್ರ, ಮೊದಲು ಸ್ವಲ್ಪ ಬಲಕ್ಕೆ ತಿರುಗಿಸುತ್ತೇವೆಂದು ಕೆಲವರು ಒಪ್ಪಿಕೊಂಡರು. ಕೈಗೆ ತಿಳಿದ ವಿದ್ಯೆ ಬಾಯಿಗೆ ತಿಳಿದಿರಲಿಲ್ಲ. ಇದಕ್ಕಿಂತ ಹಿಂದೆ, 1885ರಲ್ಲಿ, ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಮರದ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ ಕೂರಿಸಿದಾಗ, ಗಾಡಿ ವಾಲಿ ಬೀಳದಂತೆ ಎರಡೂ ಪಕ್ಕಗಳಲ್ಲಿ ಒಂದೊಂದು ಪುಟ್ಟ ಚಕ್ರವನ್ನೂ ಜೋಡಿಸಿದ್ದರು. ವಾಲಲು ಬಿಡದ ಆ ಗಾಡಿಯನ್ನು ಮೋಟಾರ್ ಸೈಕಲ್ಲಿನ ಮುತ್ತಜ್ಜ ಎನ್ನುವುದಕ್ಕಿಂತ ನಮ್ಮ ಆಟೋರಿಕ್ಷಾದ ದೂರದ ನೆಂಟ ಎನ್ನಲು ನನಗೆ ಇಷ್ಟ. ಆಟೋದಲ್ಲಿಯೂ ಇರುವುದು ಹ್ಯಾಂಡಲೇ, ಆದರೆ ಮೂರು ಚಕ್ರದ ಮೇಲೆ ನಿಂತ ಅದು ವಾಲುವುದಿಲ್ಲವಾದ್ದರಿಂದ ಎಡಕ್ಕೆ ತಿರುಗಿಸಿದರೆ ಎಡಕ್ಕೇ ಹೋಗುತ್ತದೆ. (ಡೈಮ್ಲರ್ ಅವರ ಗಾಡಿಯಲ್ಲಿ ಎಂಜಿನ್ನನ್ನು ಹೊತ್ತಿಸುವ ಕೆಂಡದಂತಹ ಕೊಳವೆ ಸೀಟಿನ ಕೆಳಗೇ ಇದ್ದುದರಿಂದ ಓಡಿಸುವಾಗ ಸೀಟಿಗೆ ಬೆಂಕಿ ಹತ್ತಿಕೊಂಡಿತಂತೆ. ಮೋಟಾರ್ ಸೈಕಲ್ಲಿನ ಸುಖದಷ್ಟೇ ಹಳೆಯದು ಅದರ ಅವಘಡ.)

ಇಲ್ಲಿಗೆ ಬಂದಾಗ ಯಾರಾದರೂ ಬುಗುರಿಯ ಮಾತು ತೆಗೆದೇ ತೆಗೆಯುತ್ತಾರೆ: ತಿರುಗುವ ಬುಗುರಿ ಬೀಳದಂತೆ ತಿರುಗುವ ಚಕ್ರವೂ ಬೀಳುವುದಿಲ್ಲ, ಗಾಡಿಯನ್ನು ಎತ್ತಿ ಹಿಡಿದಿರುವುದು ಅದೇ ಎಂದು. ಕೇಳಲು ಚೆನ್ನಾಗಿದೆ, ಆದರೆ ಅಷ್ಟೇ ಕಾರಣವಲ್ಲ. ಬ್ರಿಟಿಷ್ ವಿಜ್ಞಾನಿ ಡೇವಿಡ್ ಜೋನ್ಸ್ ಮುಂದಿನ ಚಕ್ರದ ಪಕ್ಕದಲ್ಲಿ, ನೆಲಕ್ಕೆ ತಾಗದಂತೆ, ಹಿಮ್ಮುಖವಾಗಿ ತಿರುಗುವ ಇನ್ನೊಂದು ಚಕ್ರವನ್ನು ಕಟ್ಟಿ ಬುಗುರಿಯ ಗುಣವನ್ನು ಅಳಿಸಿಹಾಕಿದರು. ಆ ಸೈಕಲ್ಲನ್ನೂ ಅವರು ಸಲೀಸಾಗಿ ತುಳಿದರು. ಈ ಪ್ರಯೋಗದ ವಿವರ ಪ್ರಕಟವಾದದ್ದು 1970ರಲ್ಲಿ. 2011ರಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ಬುಗುರಿಯ ಗುಣವೂ ಇಲ್ಲದ, ತಳ್ಳುಗಾಡಿಯ ಹೊರಳು ಚಕ್ರದಂತೆ ಮುಂದಿನ ಚಕ್ರ ಗಾಡಿ ಹೋಗುವ ದಿಕ್ಕಿಗೆ ತಾನಾಗಿ ಹೊರಳಿಕೊಳ್ಳುವ ಗುಣವೂ ಇಲ್ಲದ ಪುಟ್ಟ ಗಾಡಿಯೊಂದನ್ನು ಕಟ್ಟಿ, ಸವಾರನಿಲ್ಲದೆಯೂ ಅದು ನೆಟ್ಟಗೆ ಓಡುವುದನ್ನು ತೋರಿಸಿದರು. ಮೈ ಬಾಗಿಸಿದರೆ ಸಾಕು, ಗಾಡಿ ತಿರುಗುತ್ತದೆ ಎನ್ನುವವರಿಗೆ ಉತ್ತರ ಕೊಟ್ಟದ್ದು ರೇಸ್ ತರಬೇತುದಾರ ಕೀತ್ ಕೋಡ್. ಅವರು ಮೋಟಾರ್ ಸೈಕಲ್ಲೊಂದಕ್ಕೆ ಅಲುಗದ ಎರಡನೆಯ ಹ್ಯಾಂಡಲನ್ನು ಬೆಸೆದು, ಅದನ್ನು ಹಿಡಿದುಕೊಂಡು ಬರೀ ಮೈಯಿಂದ ತಿರುಗಿಸಿ ಎಂದು ಶಿಷ್ಯರಿಗೆ ಕೊಟ್ಟರು. ಗಾಡಿ ಅತ್ತಿತ್ತ ಒಲೆಯಿತೇ ಹೊರತು, ಬೇಕಾದಾಗ ಬೇಕಾದಷ್ಟು ತಿರುಗಲಿಲ್ಲ.

ಎಷ್ಟು ವಾಲಬೇಕು ಎಂಬುದಕ್ಕೆ ಲೆಕ್ಕವಿದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ ಸುಮಾರು 14 ಡಿಗ್ರಿ ಸಾಕು. 60ಕ್ಕೆ ಹೋದರೆ 30 ಡಿಗ್ರಿಯ ಹತ್ತಿರ ಬೇಕು. ವೇಗ ಒಂದೂವರೆ ಪಟ್ಟಾದರೆ ವಾಲುವಿಕೆ ಎರಡು ಪಟ್ಟಿಗೂ ಮಿಗಿಲು. ಭಾರಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ, ಆದ್ದರಿಂದ ಹಿಂದೆ ಒಬ್ಬರನ್ನು ಕೂರಿಸಿಕೊಂಡರೂ ಕೋನ ಹೆಚ್ಚುಕಡಿಮೆ ಅಷ್ಟೇ. ಘಾಟಿ ರಸ್ತೆಯ ಸುಖ ಅಡಗಿರುವುದೂ ಈ ಕೋನದಲ್ಲಿಯೇ. ಕಾರಿನಲ್ಲಿ ಕುಳಿತವರನ್ನು ತಿರುವು ಬಾಗಿಲಿಗೆ ಒತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಸರಿಯಾಗಿ ವಾಲಿದ ಮೋಟಾರ್ ಸೈಕಲ್ಲಿನಲ್ಲಿ ಒಟ್ಟು ಬಲ ಸವಾರನ ಬೆನ್ನುಹುರಿಯ ನೇರಕ್ಕೆ ಸೀಟಿಗಿಳಿಯುತ್ತದೆ. ಅವನು ಪಕ್ಕಕ್ಕೆ ಜರುಗುವುದಿಲ್ಲ, ಕೊಂಚ ಭಾರವಾಗುತ್ತಾನೆ, ಅಷ್ಟೇ. 30 ಡಿಗ್ರಿ ವಾಲಿದಾಗ 70 ಕಿಲೋ ತೂಗುವವನು ಸೀಟಿಗೆ ಸುಮಾರು 81 ಕಿಲೋ. ಬೆಳಿಗ್ಗೆ ಎರಡೂ ಪಕ್ಕ ಕ್ಯಾನು ಕಟ್ಟಿಕೊಂಡು ಬರುವ ಹಾಲಿನವನು ತಿರುವಿನಲ್ಲಿ ಗಾಡಿಯನ್ನು ಬಾಗಿಸಿದರೂ ಒಳಗಿನ ಹಾಲು ಒಂದು ಕಡೆಗೆ ಏರಿ ತುಳುಕುವುದಿಲ್ಲ; ಕ್ಯಾನು ಎಷ್ಟು ಓರೆಯಾಯಿತೋ ಹಾಲಿನ ಮಟ್ಟವೂ ಅಷ್ಟೇ ಓರೆಯಾಗುತ್ತದೆ. ಅದೇ ಕ್ಯಾನನ್ನು ಕಾರಿನಲ್ಲಿ ಅದೇ ವೇಗಕ್ಕೆ ತಂದರೆ ಸೀಟು ತೊಳೆಯಬೇಕಾಗುತ್ತದೆ.

ಇನ್ನು ಚಿಕ್ಕಪ್ಪನ ಬಸ್ಸಿಗೆ ಬರೋಣ. ಎಂದಿನ ದಿನಗಳಲ್ಲಿ ಅವರ ಕೈಗಳು ತಮ್ಮಷ್ಟಕ್ಕೆ ತಾವು ಸರಿಯಾದ ಕೆಲಸವನ್ನೇ ಮಾಡುತ್ತಿದ್ದವು. ನಲವತ್ತು ವರ್ಷ ಗಾಡಿ ಓಡಿಸಿದ ಕೈಗಳವು. ಬಸ್ಸು ಕಂಡ ಕೂಡಲೇ ಕೈಯ ಕೆಲಸಕ್ಕೆ ಬುದ್ಧಿ ತಲೆಹಾಕಿತು. ಬುದ್ಧಿಗೆ ಗೊತ್ತಿದ್ದದ್ದು ಆಟೋರಿಕ್ಷಾದ ನಿಯಮ: ಅಪಾಯ ಬಲಕ್ಕಿದೆ, ಆದ್ದರಿಂದ ಎಡಕ್ಕೆ ತಿರುಗಿಸು. ಎಡಕ್ಕೆ ವಾಲಿದ್ದ ಗಾಡಿಯ ಮುಂದಿನ ಟೈರು ಇನ್ನಷ್ಟು ಎಡಕ್ಕೆ ನುಗ್ಗಿತು, ಗಾಡಿ ಎದ್ದು ನಿಂತಿತು, ಬಲಕ್ಕೆ ವಾಲಿತು, ಬಸ್ಸಿನ ಮೂತಿಯ ಮುಂದೆಯೇ ರಸ್ತೆ ದಾಟಿ ಗದ್ದೆಗೆ ಇಳಿಯಿತು. ಗಾಬರಿಯಲ್ಲಿ ಅವರು ಎಷ್ಟು ಬಲವಾಗಿ ಎಡಕ್ಕೆ ತಿರುಗಿಸಿದರೋ ಅಷ್ಟೇ ಬಲವಾಗಿ “ಯಾರೋ” ಬಲಕ್ಕೆ ಎಳೆದರು.

ಕೈ ವಾಸಿಯಾದ ಮೇಲೆ ಅವರನ್ನು ಜನಸಂಚಾರವಿಲ್ಲದ ಅಗಲವಾದ ರಸ್ತೆಗೆ ಕರೆದೊಯ್ದು, ಹೆಲ್ಮೆಟ್ ಹಾಕಿಸಿ, 40ರ ವೇಗದಲ್ಲಿ ಎಡಗೈಯ ಹಿಡಿಯನ್ನು ಅಂಗೈಯಿಂದ ಮೆಲ್ಲನೆ ಮುಂದಕ್ಕೆ ಒತ್ತಿ ನೋಡಿ ಎಂದೆ. ಹಾಗೆ ಒತ್ತುವುದೆಂದರೆ ಹ್ಯಾಂಡಲನ್ನು ಬಲಕ್ಕೆ ತಿರುಗಿಸುವುದು. ಗಾಡಿ ಎಡಕ್ಕೆ ವಾಲಿ ಎಡಕ್ಕೆ ಹೊರಳಿತು. ಬಲಗೈ ಒತ್ತಿದರು, ಬಲಕ್ಕೆ ಹೊರಳಿತು. ಮೂರು ನಾಲ್ಕು ಸಲ ಹಾವಿನಂತೆ ಹೋಗಿ ಬಂದು ಗಾಡಿ ನಿಲ್ಲಿಸಿ, “ಇಷ್ಟು ದಿನ ಹಿಂಗೇ ಓಡಿಸ್ತಿದ್ನೇನೋ ನಾನು?” ಎಂದು ನನ್ನನ್ನೇ ಕೇಳಿದರು.

ಆ ತಿರುವಿನಲ್ಲಿ ಇನ್ನೊಂದು ತೊಂದರೆಯೂ ಇದೆ, ಅದಕ್ಕೆ ಈ ವಿದ್ಯೆ ನಾಟುವುದಿಲ್ಲ. 30 ಡಿಗ್ರಿ ವಾಲಿದ ಗಾಡಿಯನ್ನು ಜಾರದಂತೆ ಹಿಡಿಯಲು ಟೈರು ಮತ್ತು ನೆಲದ ನಡುವಿನ ಪಕ್ಕದ ಹಿಡಿತ ಗಾಡಿಯ ಭಾರದ ಅರ್ಧಕ್ಕಿಂತ ಹೆಚ್ಚಿರಬೇಕು. ಒಣಗಿದ ಒಳ್ಳೆಯ ಡಾಂಬರು ಅಷ್ಟು ಕೊಡುತ್ತದೆ, ಉದುರು ಮರಳು ಕೊಡುವುದಿಲ್ಲ. ಏರಿಯ ಮೇಲೆ ಬರುವ ಟ್ರ್ಯಾಕ್ಟರುಗಳು ಹೊರಳುವಾಗ ಜಲ್ಲಿ ಮತ್ತು ಮರಳನ್ನು ಸರಿಯಾಗಿ ಅಲ್ಲಿಯೇ ಚೆಲ್ಲುತ್ತವೆ. ದೆವ್ವ ಬಿಡಿಸಲು ಪೊರಕೆ ಹಿಡಿಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಈಗ ಚಿಕ್ಕಪ್ಪ ಅಮಾವಾಸ್ಯೆಯ ದಿನ ಕಲ್ಲಿನ ಮುಂದೆ ನಿಂಬೆಹಣ್ಣು ಇಟ್ಟು, ಜೊತೆಗೆ ತಂದ ತೆಂಗಿನ ಕಡ್ಡಿಯ ಪೊರಕೆಯಿಂದ ಒಳತಿರುವಿನ ಡಾಂಬರನ್ನು ಗುಡಿಸಿ ಬರುತ್ತಾರೆ.