ಗಡಿ ದಾಟುವ ಚೀಲ, ಗಡಿಯಲ್ಲೇ ಉಳಿಯುವ ಹೆಸರು

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಂಚಿನಿಂದ ತೆಲಂಗಾಣದ ಕಡೆಗೆ ಹೊರಟರೆ, ಫಲಕವಿಲ್ಲದಿದ್ದಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾದದ್ದು ಗೊತ್ತಾಗುವುದೇ ಇಲ್ಲ. ಆಚೆಗೂ ಅದೇ ಕೆಂಪು ನೆಲ, ಅದೇ ತೊಗರಿ. ಹೊಲದ ಬದುವಿನಲ್ಲಿ ಸಿಕ್ಕ ಮಣ್ಣುಮುಕ್ಕ ಹಾವು, ಅಂದರೆ ಜನ ಎರಡು ತಲೆ ಹಾವು ಎಂದು ನಂಬಿರುವ ಆ ಬಡಜೀವಿ, ಬಟ್ಟೆ ಚೀಲವೊಂದರಲ್ಲಿ ಇಂಥ ದಾರಿ ಹಿಡಿಯಿತೆಂದರೆ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ; ಅದೃಷ್ಟ ತರುತ್ತದೆಂಬ ಮೂಢನಂಬಿಕೆಯೇ ಅದರ ಬೆಲೆಯನ್ನು ತೂಕದ ಲೆಕ್ಕದಲ್ಲಿ ಏರಿಸುತ್ತದೆ. ಈ ಸರಪಳಿಯನ್ನು ತುಂಡರಿಸುವ ಸರ್ಕಾರಿ ಸಿಬ್ಬಂದಿಯನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ಗೌರವಿಸಬೇಕು ಎಂಬ ಪ್ರಶ್ನೆ ಕಾನೂನು, ಒಪ್ಪಂದ, ಪದಕ, ಪ್ರಶಸ್ತಿಗಳ ನಡುವೆ ಸಿಕ್ಕಿಕೊಂಡು ಗೋಜಲಾಗಿರುವುದರಿಂದ ಅದರ ಹಿನ್ನೆಲೆಯನ್ನು ಬಿಡಿಸಿ ನೋಡುವುದು ಅಗತ್ಯ.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂತು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವನ್ನು ಭಾರತ 1976ರಲ್ಲಿ ಅನುಮೋದಿಸಿತು, ಆದರೆ ಆ ಒಪ್ಪಂದದ ವಿಧಿಗಳು ಪೂರ್ಣ ರೂಪದಲ್ಲಿ ನಮ್ಮ ಕಾಯ್ದೆಯೊಳಗೆ ಸೇರಲು 2022ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಬಹುಕಾಲ ಈ ಅಪರಾಧವನ್ನು ಕಾಡಿನೊಳಗಿನ ಬೇಟೆ ಎಂದೇ ನೋಡಲಾಯಿತು; ಗೌರವವೂ ಅದೇ ಕಣ್ಣಿನಿಂದ ಬಂತು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್‌ನಲ್ಲಿ ವೀರಪ್ಪನ್ ಕೊಂದ ಮೇಲೆ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. ಸೆಪ್ಟೆಂಬರ್ 11ನ್ನು ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನವೆಂದು 2013ರಲ್ಲಿ ಘೋಷಿಸಲಾಯಿತು. ಈ ಗೌರವಗಳ ಬಗ್ಗೆ ಎರಡು ಮಾತಿಲ್ಲ. ಆದರೂ ಪ್ರಾಣ ಕೊಟ್ಟ ಮೇಲೆ ನೆನೆಯುವಷ್ಟು ಸಲೀಸಾಗಿ, ಬದುಕಿದ್ದು ದಿನವೂ ಕಳ್ಳಸಾಗಣೆಯನ್ನು ತಡೆಯುತ್ತಿರುವವರನ್ನು ಗುರುತಿಸುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ.

ಇದು ಕಾಡಿನ ಸಮಸ್ಯೆ ಮಾತ್ರವಲ್ಲ, ಸಂಘಟಿತ ಅಪರಾಧ ಎಂಬ ತಿಳಿವಳಿಕೆ ಬಂದದ್ದು ತಡವಾಗಿ. ಕಾಯ್ದೆಗೆ 2006ರಲ್ಲಿ ಆದ ತಿದ್ದುಪಡಿಯ ಮೂಲಕ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಹುಟ್ಟಿತು. ಪರಿಸರ ಅಪರಾಧದ ವಹಿವಾಟು ವರ್ಷಕ್ಕೆ 91ರಿಂದ 258 ಶತಕೋಟಿ ಡಾಲರ್ ಇರಬಹುದೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ಇಂಟರ್‌ಪೋಲ್ 2016ರಲ್ಲಿ ಅಂದಾಜಿಸಿದವು. ದೇಶದ ಗಡಿ ದಾಟುವ ಪರಿಸರ ಅಪರಾಧವನ್ನು ಎದುರಿಸುವ ಸರ್ಕಾರಿ ಅಧಿಕಾರಿಗಳಿಗೂ ತಂಡಗಳಿಗೂ ಮೀಸಲಾದ ಏಷ್ಯಾ ಪರಿಸರ ಜಾರಿ ಪ್ರಶಸ್ತಿಯನ್ನು ಇದೇ ಪರಿಸರ ಕಾರ್ಯಕ್ರಮ ಕೊಡತೊಡಗಿದ್ದೂ ಆ ದಶಕದಲ್ಲೇ. ಸಹಯೋಗ, ಪರಿಣಾಮ, ಹೊಸತನ, ಪ್ರಾಮಾಣಿಕತೆ, ಮಹಿಳಾ ನಾಯಕತ್ವ ಎಂಬ ಅಳತೆಗೋಲುಗಳನ್ನು ಅದು ಇಟ್ಟುಕೊಂಡಿತ್ತು. 2018ರಲ್ಲಿ ಹೊಸತನದ ವಿಭಾಗದ ಪ್ರಶಸ್ತಿ ನಮ್ಮ ಬ್ಯೂರೋಗೆ ಬಂತು. ಅಪರಾಧಗಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಒಂದೆಡೆ ಕೂಡಿಸಿದ್ದು ಅದಕ್ಕೆ ಮುಖ್ಯ ಕಾರಣ. ಅದಕ್ಕೂ ಮೊದಲು ‘ಸೇವ್ ಕೂರ್ಮ’ ಕಾರ್ಯಾಚರಣೆಯಲ್ಲಿ 15,739 ಜೀವಂತ ಆಮೆಗಳನ್ನು ವಶಪಡಿಸಿಕೊಳ್ಳಲಾಗಿತ್ತು. ಪ್ರಶಸ್ತಿಯ ಪಟ್ಟಿಯಲ್ಲಿ ಪ್ರಾಮಾಣಿಕತೆಗೆ ಪ್ರತ್ಯೇಕ ಸ್ಥಾನವಿತ್ತು ಎಂಬುದನ್ನು ಮರೆಯಬಾರದು: ದಾಳಿಗೆ ಹೊರಡುವ ಮುನ್ನವೇ ಸುದ್ದಿ ಸೋರಿಹೋಗುವ ಕಡೆ, ಬಾಯಿ ಬಿಡದೆ ಕೆಲಸ ಮುಗಿಸುವುದೇ ದೊಡ್ಡ ಸಾಧನೆ.

ಇಷ್ಟೆಲ್ಲ ಸರಪಳಿಯ ಮೇಲಿನ ತುದಿಯ ಕಥೆ. ಕೆಳಗಿನ ತುದಿಯನ್ನು ನಾನು ನಮ್ಮ ಭಾಗದ ಒಂದು ಗಸ್ತಿನಲ್ಲಿ ಕೆಲವು ವರ್ಷಗಳ ಹಿಂದೆ ಹತ್ತಿರದಿಂದ ಕಂಡಿದ್ದೇನೆ. ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಹರಡಿ, ಮೊಬೈಲ್ ಬೆಳಕಿನಲ್ಲಿ ಮಹಜರು ಬರೆಯುತ್ತಿದ್ದರು. ಹಾವನ್ನು ಚೀಲದ ಸಮೇತ ತೂಗಿ, ಬರಿ ಚೀಲವನ್ನು ಮತ್ತೊಮ್ಮೆ ತೂಗಿ ಕಳೆದರು. ಉದ್ದ ಅಳೆದು ಬರೆದುಕೊಂಡರು. ನಡುರಾತ್ರಿ ಪಂಚರಾಗಲು, ಅಂದರೆ ಮಹಜರಿಗೆ ಸಾಕ್ಷಿಗಳಾಗಲು, ಇಬ್ಬರನ್ನು ಒಪ್ಪಿಸುವುದಕ್ಕೆ, ಆರೋಪಿಯನ್ನು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಒಂದು ಸಮಯ ತಪ್ಪಿ ಬರೆದರೆ, ಒಂದು ಸಹಿ ಬಿಟ್ಟುಹೋದರೆ, ವರ್ಷಗಳ ನಂತರ ನ್ಯಾಯಾಲಯದಲ್ಲಿ ಇಡೀ ಪ್ರಕರಣ ಬಿದ್ದುಹೋಗಬಹುದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವನ್ಯಜೀವಿ ಕಾಯ್ದೆಯಡಿ ನ್ಯಾಯಾಲಯವು ಪ್ರಕರಣವನ್ನು ಹೆಚ್ಚಾಗಿ ಅಧಿಕೃತ ಅಧಿಕಾರಿಯ ದೂರಿನ ಮೇಲೆ ವಿಚಾರಣೆಗೆ ತೆಗೆದುಕೊಳ್ಳುವುದರಿಂದ ಬರವಣಿಗೆಯ ಭಾರ ಬಹುಪಾಲು ಇಲಾಖೆಯ ಹೆಗಲಿಗೇ ಬೀಳುತ್ತದೆ.

ಗಡಿ ಜಿಲ್ಲೆಯಲ್ಲಿ ಈ ಭಾರ ಇಮ್ಮಡಿಯಾಗುತ್ತದೆ. ಬೀದರಿಗೆ ಮಹಾರಾಷ್ಟ್ರ, ತೆಲಂಗಾಣ ಎರಡೂ ಅಂಟಿಕೊಂಡಿವೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಹುಮನಾಬಾದ್ ಮೂಲಕವೇ ಹಾಯುತ್ತದೆ. ಚೀಲ ಹಿಡಿದವನು ಇಲ್ಲಿ ಸಿಕ್ಕರೆ, ಕೊಳ್ಳುವವನು ಅಲ್ಲಿರುತ್ತಾನೆ. ಆಚೆ ರಾಜ್ಯದ ಸಹೋದ್ಯೋಗಿಯ ಜೊತೆ ಒಳ್ಳೆಯ ಪರಿಚಯವಿದ್ದರೆ ತನಿಖೆ ಮುಂದುವರಿಯುತ್ತದೆ, ಇಲ್ಲವಾದರೆ ಕಾಗದಪತ್ರ ಓಡಾಡುವಷ್ಟರಲ್ಲಿ ಜಾಡು ಆರಿಹೋಗುತ್ತದೆ. ಕಾರ್ಖಾನೆಯ ಅಪಾಯಕಾರಿ ತ್ಯಾಜ್ಯದ ವಿಷಯದಲ್ಲಾದರೂ 2016ರ ನಿಯಮಗಳು ಒಂದು ದಾರಿ ತೋರಿವೆ: ಅಂತಿಮ ವಿಲೇವಾರಿಗೆ ಬೇರೆ ರಾಜ್ಯಕ್ಕೆ ಸಾಗಿಸಬೇಕಾದರೆ ಎರಡೂ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳ ನಿರಾಕ್ಷೇಪಣಾ ಪತ್ರ ಬೇಕು, ಲಾರಿಯ ಜೊತೆ ಸಾಗಣೆ ಪತ್ರ ಇರಬೇಕು. ಆ ಪತ್ರವನ್ನು ರಸ್ತೆಯಲ್ಲಿ ನಿಂತು ಓದಿ, ಡ್ರಮ್ಮಿನಲ್ಲಿರುವುದಕ್ಕೂ ಪತ್ರದಲ್ಲಿರುವುದಕ್ಕೂ ತಾಳೆ ನೋಡುವವರು ಮಾತ್ರ ಬಹಳ ಕಡಿಮೆ, ಮತ್ತು ಅವರನ್ನು ಕರೆದು ಶಾಲು ಹೊದಿಸಿದ್ದನ್ನು ನಾನಂತೂ ಕಂಡಿಲ್ಲ.

ಪ್ರಶಸ್ತಿಗಳು ಸಾಮಾನ್ಯವಾಗಿ ವಶಪಡಿಸಿಕೊಂಡದ್ದರ ಪ್ರಮಾಣ ನೋಡುತ್ತವೆ. ಒಂದು ಹಾವು, ನಾಲ್ಕು ಆಮೆಯ ಪ್ರಕರಣ ಆ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುತ್ತದೆ. ಆದರೆ ನಕ್ಷತ್ರ ಆಮೆಯನ್ನು 2019ರಲ್ಲಿ ಸೈಟಿಸ್‌ನ ಅತಿ ಕಟ್ಟುನಿಟ್ಟಿನ ಪಟ್ಟಿಯಾದ ಒಂದನೇ ಅನುಬಂಧಕ್ಕೆ ಏರಿಸುವ ಹೊತ್ತಿಗೆ, ಬೇರೆ ಬೇರೆ ಊರುಗಳಲ್ಲಿ ಇಂಥ ಚಿಕ್ಕ ಚೀಲಗಳೇ ಕೂಡಿ ವಿಮಾನ ನಿಲ್ದಾಣದ ದೊಡ್ಡ ಸೂಟ್‌ಕೇಸ್ ಆಗುವುದನ್ನು ಜಗತ್ತು ನೋಡಿಯಾಗಿತ್ತು. ಮೊದಲ ಚೀಲವನ್ನು ಹಳ್ಳಿಯ ದಾರಿಯಲ್ಲೇ ತಡೆದವರ ಕೆಲಸ ಕೊನೆಯ ಸೂಟ್‌ಕೇಸ್ ತೆರೆದವರ ಕೆಲಸಕ್ಕಿಂತ ಕಡಿಮೆಯದೆಂದು ಎಣಿಸುವುದು ನನಗೆ ಸರಿಯೆನಿಸುವುದಿಲ್ಲ.

ಆ ರಾತ್ರಿ ಮಹಜರು ಬರೆದ ಗಸ್ತು ಅರಣ್ಯ ಪಾಲಕರನ್ನು ಪದಕದ ಬಗ್ಗೆ ಕೇಳಿದ್ದೆ. ಅವರು ಪದಕದ ಮಾತೇ ಎತ್ತಲಿಲ್ಲ. ವರ್ಗಾವಣೆಯಾದ ಮೇಲೂ ಸಾಕ್ಷಿ ಹೇಳಲು ಹಳೆಯ ಊರಿಗೆ ಬರಬೇಕಾಗುತ್ತದೆ, ಆ ದಿನವನ್ನು ತಕರಾರಿಲ್ಲದೆ ಕರ್ತವ್ಯವೆಂದು ಎಣಿಸಿ ಬಸ್ಸಿನ ಖರ್ಚು ಕೊಟ್ಟರೆ ಸಾಕು ಎಂದರು. ಹಾಳೆಗಳನ್ನು ಮಡಚಿ ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತುತ್ತಾ ಇನ್ನೊಂದು ಮಾತು ಸೇರಿಸಿದರು: ಶಿಕ್ಷೆಯಾದರೆ ಆ ತೀರ್ಪಿನ ಒಂದು ಪ್ರತಿ ತಮ್ಮ ಸೇವಾ ಪುಸ್ತಕದಲ್ಲಿ ಇರಬೇಕು.