ಅಗೌಟಿ ಮೊಲ ಅಂದ್ರೆ ಯಾವ ಬಣ್ಣದ್ದು?

ಪ್ರಶ್ನೆ: ಮಕ್ಕಳಿಗೆ ಮೊಲ ಕೊಳ್ಳಲು ಹೋಗಿದ್ದೆವು. ಅಂಗಡಿಯವರು ಒಂದು ಜೋಡಿ ತೋರಿಸಿ "ಇವು ಅಗೌಟಿ" ಎಂದರು. ನೋಡಿದರೆ ಕಂದು ಅನ್ನಿಸುತ್ತೆ, ಸ್ವಲ್ಪ ಬೂದು ಕೂಡ. ಅಗೌಟಿ ಅನ್ನೋದು ತಳಿಯ ಹೆಸರಾ, ಬಣ್ಣದ ಹೆಸರಾ? ಇಂಥ ಜೋಡಿಗೆ ಕಪ್ಪು ಮರಿ ಹುಟ್ಟೋದು ನಿಜಾನಾ?

ಉತ್ತರ: ತಳಿಯಲ್ಲ. ಬೇರೆ ಬೇರೆ ತಳಿಯ ಮೊಲಗಳಲ್ಲಿ, ಗಿನಿ ಪಿಗ್‌ಗಳಲ್ಲಿ, ಇಲಿಗಳಲ್ಲಿ, ಬೆಕ್ಕುಗಳಲ್ಲೂ ಇದು ಕಾಣುತ್ತದೆ. ಸಾಕುವವರು ಬಣ್ಣದ ಹೆಸರಾಗಿಯೇ ಬಳಸುತ್ತಾರೆ. ಆದರೆ ನೀವು ಕಂಡ ಆ ಬೂದುಗಂದು ಬಣ್ಣದ ಕೂದಲನ್ನು ಮೊಲದ ಬೆನ್ನಿನಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ.

ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನಿನ ತುಪ್ಪಳಕ್ಕೆ ಮೆಲ್ಲಗೆ ಊದಿ. ಕೂದಲು ಸುತ್ತಲೂ ಬಿಡಿಸಿಕೊಂಡು ಉಂಗುರ ಉಂಗುರವಾಗಿ ಬಣ್ಣ ಕಾಣುತ್ತದೆ. ಚರ್ಮದ ಹತ್ತಿರ ಕಡುಬೂದು, ಅದರ ಮೇಲೆ ಕಿತ್ತಳೆ ಛಾಯೆಯ ಹಳದಿ, ತುದಿಯಲ್ಲಿ ಕಪ್ಪು. ಒಂದೇ ಒಂದು ಕೂದಲಿನಲ್ಲಿ ಇಷ್ಟೂ ಇರುತ್ತದೆ. ಸಾವಿರಾರು ಕೂದಲು ಒತ್ತೊತ್ತಾಗಿ ಮಲಗಿದಾಗ ನಮ್ಮ ಕಣ್ಣು ಈ ಪಟ್ಟೆಗಳನ್ನು ಬೆರೆಸಿ ಒಂದೇ ಬಣ್ಣ ಮಾಡಿಕೊಳ್ಳುತ್ತದೆ. ಹೊಲದ ಬದುವಿನಲ್ಲಿ ಓಡುವ ಮುಂಗುಸಿಯ ಮೈ ಉಪ್ಪು ಮೆಣಸು ಉದುರಿಸಿದ ಹಾಗೆ ಕಾಣೋದು ಕೂಡ ಇದರಿಂದಲೇ. ಒಣಹುಲ್ಲು, ಮಣ್ಣು, ನೆರಳಿನ ನಡುವೆ ಇಂಥ ಮೈಬಣ್ಣ ಕಣ್ಣಿಗೆ ಬೀಳುವುದು ಕಷ್ಟ. ಕಾಡಿನಲ್ಲಿ ಇದು ಇಷ್ಟೊಂದು ಪ್ರಾಣಿಗಳಲ್ಲಿ ಉಳಿದು ಬಂದಿರುವುದಕ್ಕೆ ಅದೇ ದೊಡ್ಡ ಕಾರಣ.

ಹೆಸರು ಬಂದಿದ್ದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿರುವ ಅಗೌಟಿ ಎಂಬ, ಇಲಿ ಅಳಿಲುಗಳ ಬಳಗದ ದಂಶಕದಿಂದ. ಬ್ರೆಜಿಲ್ ನಟ್‌ನ ಕಲ್ಲಿನಂಥ ಕಾಯಿಯನ್ನು ಹಲ್ಲಿನಿಂದಲೇ ಕೊರೆದು ತೆಗೆಯುವ ಪ್ರಾಣಿ ಅದು. ಅದರ ಮೈಗೂದಲಿನಲ್ಲೂ ಇದೇ ಪಟ್ಟೆಗಳು.

ಪಟ್ಟೆ ಮೂಡುವುದು ಹೇಗೆ? ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ. ಕೂದಲಿನ ಬುಡದಲ್ಲಿ ಬಣ್ಣ ತಯಾರಿಸುವ ಕೋಶಗಳಿವೆ. ಅವು ಎರಡು ಬಗೆಯ ಮೆಲನಿನ್ ಮಾಡಬಲ್ಲವು: ಕಪ್ಪು ಅಥವಾ ಕಂದು ಕೊಡುವ ಯೂಮೆಲನಿನ್, ಹಳದಿ ಅಥವಾ ಕೆಂಪು ಕೊಡುವ ಫಿಯೋಮೆಲನಿನ್. ಕೂದಲಿನಲ್ಲಿ ಮೊದಲು ತಯಾರಾಗುವುದು ತುದಿ. ಆಗ ಒಂದು ಹಾರ್ಮೋನು ಬಂದು ಕೋಶಕ್ಕೆ ಅಂಟಿ ಕಪ್ಪು ಮಾಡಿಸುತ್ತಿರುತ್ತದೆ. ಆಮೇಲೆ ಕೆಲವು ದಿನ ಅಗೌಟಿ ಜೀನ್ ಎಚ್ಚರಗೊಳ್ಳುತ್ತದೆ. ಅದು ಮಾಡುವ ಪ್ರೋಟೀನು ಆ ಹಾರ್ಮೋನಿನ ಜಾಗವನ್ನೇ ಹಿಡಿದು ಕೂತುಬಿಡುತ್ತದೆ. ಕೋಶ ಹಳದಿಗೆ ತಿರುಗುತ್ತದೆ. ಜೀನ್ ಸುಮ್ಮನಾದ ಮೇಲೆ ಮತ್ತೆ ಕಪ್ಪು. ಕೂದಲು ಬೆಳೆಯುತ್ತಲೇ ಇರುವುದರಿಂದ ಆ ಕೆಲವು ದಿನಗಳು ಹಳದಿ ಪಟ್ಟೆಯಾಗಿ ಉಳಿಯುತ್ತವೆ.

ಈ ಜೀನ್ ಯಾವಾಗಲೂ ಎಚ್ಚರವಾಗಿಯೇ ಇದ್ದರೆ? ಪ್ರಯೋಗಾಲಯದ ಕೆಲವು ಇಲಿಗಳಲ್ಲಿ ಹಾಗೇ ಆಗಿದೆ. ಅವು ಪೂರ್ತಿ ಹಳದಿ, ಜೊತೆಗೆ ವಿಪರೀತ ದಪ್ಪ. ಅವುಗಳ ಮೈಯೆಲ್ಲ ಈ ಪ್ರೋಟೀನು ತಯಾರಾಗುವುದರಿಂದ ಮಿದುಳಿನಲ್ಲಿ ಹಸಿವನ್ನು ಹಿಡಿತದಲ್ಲಿಡುವ ಸಂದೇಶಕ್ಕೂ ಅಡ್ಡ ಬರುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2003ರಲ್ಲಿ ಇಂಥ ತಳಿಯ ಬಸುರಿ ಇಲಿಗಳ ಆಹಾರಕ್ಕೆ ಫೋಲಿಕ್ ಆಮ್ಲ, ಬಿ12, ಕೋಲೀನ್, ಬೀಟೇನ್ ಸೇರಿಸಿ ನೋಡಿದರು. ಮರಿಗಳಲ್ಲಿ ಕಂದು ಬಣ್ಣದವು, ಅಂದರೆ ಮಾಮೂಲಿ ಅಗೌಟಿಯಂತೆ ಕಾಣುವವು, ಜಾಸ್ತಿಯಾದವು. ಜೀನ್ ಬದಲಾಗಿರಲಿಲ್ಲ, ತಾಯಿಯ ಊಟದಿಂದ ಅದು ಕೆಲಸ ಮಾಡುವ ರೀತಿ ಬದಲಾಗಿತ್ತು.

ಇನ್ನು ಕಪ್ಪು ಮರಿಯ ಮಾತು. ಹೌದು, ನಿಜ. ಪ್ರತಿ ಮೊಲದಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಒಂದು ಸರಿಯಿದ್ದರೂ ಸಾಕು, ಮೊಲ ಅಗೌಟಿಯಾಗಿಯೇ ಕಾಣುತ್ತದೆ. ಗಂಡು ಹೆಣ್ಣು ಎರಡರಲ್ಲೂ ಒಂದೊಂದು ಕೆಟ್ಟ ಪ್ರತಿ ಅಡಗಿದ್ದರೆ ಪ್ರತಿ ಮರಿಗೂ ಆ ಎರಡೂ ಕೆಟ್ಟ ಪ್ರತಿಗಳೇ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮರಿಯ ಕೂದಲಿನಲ್ಲಿ ಹಳದಿ ಪಟ್ಟೆ ಬರುವುದೇ ಇಲ್ಲ.

ನಮ್ಮ ಕಬಿನಿಯ ಕರಿಚಿರತೆಯ ಗುಟ್ಟು ಕೂಡ ಇದೇ. ಚಿರತೆಗಳಲ್ಲಿ ಕಪ್ಪು ಬಣ್ಣ ಬರುವುದು ಅಗೌಟಿ ಜೀನ್ ಕೆಟ್ಟಾಗ. ಅದು ಬೇರೆ ಜಾತಿಯ ಪ್ರಾಣಿಯಲ್ಲ. ಮಾಮೂಲಿ ಚಿರತೆಯೇ, ಹಳದಿ ಮಾತ್ರ ಮಾಯ. ಚುಕ್ಕೆಗಳು ಎಲ್ಲೂ ಹೋಗಿರುವುದಿಲ್ಲ, ಓರೆ ಬಿಸಿಲಿನಲ್ಲಿ ಮೈಮೇಲೆ ಸ್ಪಷ್ಟವಾಗಿ ಕಾಣುತ್ತವೆ. ದಕ್ಷಿಣ ಅಮೆರಿಕದ ಕಪ್ಪು ಜಾಗ್ವಾರ್ ನೋಡಲು ಹೀಗೇ ಇದ್ದರೂ ಅಲ್ಲಿ ಕಾರಣ ಇನ್ನೊಂದು ಜೀನ್.

ಅಂಗಡಿಯಲ್ಲಿ ಚೆಸ್ಟ್‌ನಟ್, ಓಪಲ್, ಚಿಂಚಿಲಾ ಎಂಬ ಹೆಸರು ಕೇಳಿದರೆ ಗೊಂದಲ ಬೇಡ, ಎಲ್ಲವೂ ಅಗೌಟಿಯ ಛಾಯೆಗಳೇ. ಚಿಂಚಿಲಾದಲ್ಲಿ ಹಳದಿಯ ಜಾಗಕ್ಕೆ ಮುತ್ತಿನ ಬಿಳಿ ಬರುತ್ತದೆ. ಓಪಲ್‌ನಲ್ಲಿ ಕಪ್ಪು ತಿಳಿಯಾಗಿ ನೀಲಿಬೂದು ಆಗಿರುತ್ತದೆ. ಹೊಟ್ಟೆ, ಬಾಲದ ಅಡಿ, ಕಣ್ಣಿನ ಸುತ್ತ ಬಿಳಿಚಿಕೊಂಡಿದೆಯಾ ಅಂತಲೂ ನೋಡಿ. ಒಂದು ಮಾತು ಮರೆಯಬೇಡಿ: ಮರಿ ಬೇಡವೆಂದಿದ್ದರೆ ಗಂಡು ಹೆಣ್ಣು ಜೋಡಿ ತರಬೇಡಿ, ತಂದಿದ್ದರೆ ಮೂರು ತಿಂಗಳು ತುಂಬುವಷ್ಟರಲ್ಲೇ ಬೇರೆ ಬೇರೆ ಇಡಿ. ಮೊಲದ ಗರ್ಭ ತಿಂಗಳಿನದು, ಅಷ್ಟೇ.